ಹಿಂದಿ ಎಂಬ ಹಕ್ಕಿ

ರೆಸಿಡೆನ್ಸಿಯ ದಿನಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ರಾತ್ರಿಯ ಡ್ಯೂಟಿ ತಪ್ಪದೆ ನಮ್ಮ ಪಾಲಿಗೇ ಬರುತ್ತಿತ್ತು. ಸಸ್ಯಾಹಾರಿಗಳಿಗೆ ಈ ಹಬ್ಬದಲ್ಲಿ ಏನು ಕೆಲಸ ಎಂದು ಪಟ್ಟಿ ಮಾಡುವವರ ಲೆಕ್ಕಾಚಾರವಿದ್ದೀತು. ಅಂಥ ಒಂದು ರಾತ್ರಿ ನಮ್ಮ ಜೊತೆಗಿದ್ದವರು ಇಸ್ತಾಂಬುಲಿನಿಂದ ಬಂದ ವೈದ್ಯರು. ಅವರ ತಟ್ಟೆಯಲ್ಲಿದ್ದ ಟರ್ಕಿಯನ್ನು ನೋಡಿ ನಾವು ನಕ್ಕೆವು. ಅವರು ಗಂಭೀರವಾಗಿ, "ನಗಬೇಡಿ, ನಮ್ಮ ಭಾಷೆಯಲ್ಲಿ ಇದರ ಹೆಸರು ಹಿಂದಿ" ಎಂದರು. ಹಿಂದಿ ಎಂದರೆ ಹಿಂದೂಸ್ಥಾನದ್ದು. ಅಂದರೆ ನಮ್ಮದು!

ಹಕ್ಕಿಯಾದರೋ ಅವರದೂ ಅಲ್ಲ, ನಮ್ಮದೂ ಅಲ್ಲ. ಇದನ್ನು ಸುಮಾರು 2000 ವರ್ಷಗಳ ಹಿಂದೆಯೇ ಪಳಗಿಸಿ ಸಾಕಿದವರು ಮೆಕ್ಸಿಕೋದ ಮೂಲನಿವಾಸಿಗಳು. 16ನೇ ಶತಮಾನದ ಆರಂಭದಲ್ಲಿ ಸ್ಪೇನಿನವರು ಅದನ್ನು ಯೂರೋಪಿಗೆ ಒಯ್ದರು. ಇಂಗ್ಲಿಷರು ಅಷ್ಟರಲ್ಲೇ ತುರ್ಕಿ ಸೀಮೆಯ ವ್ಯಾಪಾರದ ಮೂಲಕ ಬರುತ್ತಿದ್ದ ಆಫ್ರಿಕಾದ ಗಿನಿಕೋಳಿಯನ್ನು ಟರ್ಕಿ ಎನ್ನುತ್ತಿದ್ದರು. ಹೊಸ ಹಕ್ಕಿಗೂ ಅದೇ ಹೆಸರು ಅಂಟಿತು.

ತುರ್ಕರಲ್ಲಿ ಕೋಳಿಗೆ ಹಳೆಯ ಸ್ವಂತ ಹೆಸರಿತ್ತು. 11ನೇ ಶತಮಾನದಲ್ಲಿ ಕಾಶ್ಗರದ ಮಹಮೂದ್ ರಚಿಸಿದ ತುರ್ಕಿ ನಿಘಂಟಿನ 'ತಕಾಗು' ಸವೆದು ಇಂದಿನ 'ತಾವುಕ್' ಆಗಿದೆ. ಆದರೆ ಹೊಸ ಹಕ್ಕಿ 'ಹಿಂದಿ' ಆಯಿತು. ಕೊಲಂಬಸ್ ತಾನು ಮುಟ್ಟಿದ್ದು ಇಂಡಿಯಾದ ಅಂಚು ಎಂದು ನಂಬಿದ್ದ; ಯೂರೋಪಿಗೆ ಅಮೆರಿಕವೂ ಒಂದು 'ಇಂಡೀಸ್'. ಆ ತಪ್ಪು ಫ್ರೆಂಚರ 'ದಿಂದ್', ರಷ್ಯನ್ನರ 'ಇಂದೇಯ್ಕ', ಅಜರ್‌ಬೈಜಾನಿನ 'ಹಿಂದುಶ್ಕ' ಎಲ್ಲದರಲ್ಲೂ ಉಳಿದಿದೆ. ಡಚ್ಚರಂತೂ ಊರನ್ನೇ ಹೇಳಿಬಿಟ್ಟರು: 'ಕಾಲ್ಕೂನ್', ಅಂದರೆ ಕಲ್ಲಿಕೋಟೆಯ ಕೋಳಿ. ಎಲ್ಲ ತುರ್ಕಿ ಭಾಷೆಗಳೂ ಹೀಗೆ ಎಡವಲಿಲ್ಲ. ಉಜ್ಬೆಕರ 'ಕುರ್ಕ', ಕಜಾಕರ 'ಕುರ್ಕೆತಾವುಕ್' ಯಾವ ದೇಶದ ತಂಟೆಗೂ ಹೋಗುವುದಿಲ್ಲ.

ಅಸಲು ಹಿಂದೂಸ್ಥಾನದಲ್ಲಿ ಏನಾಯಿತು? 1612ರಲ್ಲಿ ಮುಕರ್ರಬ್ ಖಾನ್ ಪೋರ್ಚುಗೀಸರ ಗೋವಾದಿಂದ ವಿಚಿತ್ರ ಪ್ರಾಣಿಗಳನ್ನು ತಂದು ಜಹಾಂಗೀರನಿಗೆ ಒಪ್ಪಿಸಿದ. ಅವುಗಳಲ್ಲಿ ಈ ಹಕ್ಕಿಯೂ ಇತ್ತು. ಬಾಬರನ ಮರಿಮಗನಾದ ಜಹಾಂಗೀರನಿಗೆ ತುರ್ಕಿ ಭಾಷೆ ಬರುತ್ತಿತ್ತು. ಆದರೂ ಆ ಪ್ರಾಣಿಗಳ ಹೆಸರು ಯಾರಿಗೂ ತಿಳಿಯದು ಎಂದೇ ತನ್ನ ಆತ್ಮಕಥೆಯಲ್ಲಿ ಬರೆದ. ಹೆಣ್ಣು ನವಿಲಿಗಿಂತ ದೊಡ್ಡದು, ಗಂಡಿಗಿಂತ ಚಿಕ್ಕದು ಎಂದು ಅಳೆದು, ಉಸ್ತಾದ್ ಮನ್ಸೂರನಿಂದ ಚಿತ್ರ ಬರೆಸಿದ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಆ ಚಿತ್ರದ ಕೆಂಪು ಜೋಲುಚರ್ಮವನ್ನು ಯಾವ ಅಂಗರಚನಾ ಪಾಠದವರೂ ಮೆಚ್ಚಬೇಕು. ಇಸ್ತಾಂಬುಲಿನಲ್ಲಿ 'ಹಿಂದಿ' ಎನಿಸಿಕೊಂಡ ಹಕ್ಕಿಗೆ ಹಿಂದೂಸ್ಥಾನದ ದರ್ಬಾರಿನಲ್ಲಿ ಹೆಸರೇ ಇರಲಿಲ್ಲ!

ಹೊಸದೆಲ್ಲವನ್ನೂ ಪರದೇಶದ ಲೆಕ್ಕಕ್ಕೆ ಬರೆಯುವುದು ನಮ್ಮ ವೈದ್ಯಶಾಸ್ತ್ರಕ್ಕೂ ಹೊಸತಲ್ಲ. ಸಿಫಿಲಿಸ್ ತುರ್ಕಿಯಲ್ಲಿ 'ಫ್ರೆಂಗಿ'; ನಮ್ಮ ಭಾವಪ್ರಕಾಶದಲ್ಲಿ 'ಫಿರಂಗ ರೋಗ'. ಅದೇ ಫಿರಂಗಿಯ ಹೆಸರು ಹೊತ್ತ ಪರಂಗಿ ಹಣ್ಣನ್ನು ಮಾತ್ರ ಸಂತೋಷವಾಗಿ ತಿನ್ನುತ್ತೇವೆ.

ತುರ್ಕಿ ಸರಕಾರ ತನ್ನ ದೇಶದ ಹೆಸರನ್ನು ಇಂಗ್ಲಿಷಿನಲ್ಲೂ 'ತುರ್ಕಿಯೆ' ಎಂದೇ ಬರೆಯಬೇಕೆಂದು ಕೇಳಿತು. ವಿಶ್ವಸಂಸ್ಥೆ 2022ರ ಜೂನ್‌ನಲ್ಲಿ ಒಪ್ಪಿತು. ಹಕ್ಕಿಯ ಜೊತೆಗಿನ ಗೊಂದಲವೂ ಇದಕ್ಕೊಂದು ಕಾರಣವೆಂದು ಪತ್ರಿಕೆಗಳು ಬರೆದಾಗ ನಮಗೆ ನೆನಪಾದದ್ದು ಆ ರಾತ್ರಿಯ ಸಹೋದ್ಯೋಗಿ. ಅವರ ದೇಶಕ್ಕೆ ಬಿಡುಗಡೆ ಸಿಕ್ಕಿತು; ಅವರ ಭಾಷೆಯಲ್ಲಿ ನಾವು ಇನ್ನೂ ತಟ್ಟೆಯಲ್ಲೇ ಇದ್ದೇವೆ.

ದೂರುವ ಹಕ್ಕು ನಮಗೂ ಇಲ್ಲವೇನೋ. ಇಲ್ಲಿನ ಮೆಕ್ಸಿಕನ್ ಅಂಗಡಿಯಲ್ಲಿ ನಾವು ಹುಳಿಗೆಂದು ಕೊಳ್ಳುವ ಸೀಮೆಬದನೆ ಆ ಹಕ್ಕಿಯ ತೌರಿನದೇ. ನಮಗದು ಸೀಮೆಯಿಂದ ಬಂದದ್ದು. ಪಕ್ಕದ ಮನೆಯ ತಮಿಳರಿಗೆ ಬೆಂಗಳೂರು ಕತ್ತರಿಕಾಯಿ. ಅಂಗಡಿಯಾಕೆಯ ಬಾಯಲ್ಲಿ ಮಾತ್ರ ಅದು 'ಚಯೋತೆ', ಹಕ್ಕಿ 'ಗ್ವಾಹೊಲೋತೆ'. ಎರಡೂ ಕೊಲಂಬಸನಿಗಿಂತ ಹಳೆಯ ನಹುವಾತ್ಲ್ ಭಾಷೆಯಿಂದ ಬಂದ ಹೆಸರುಗಳು.