ಹಳೆಯ ಮನೆಯ ನವೀಕರಣ: ಗುತ್ತಿಗೆದಾರರೊಡನೆ ವ್ಯವಹರಿಸುವಾಗ ವೆಚ್ಚದ ನಿಯಂತ್ರಣ

ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯು ಮಳೆ ಕಡಿಮೆ ಬೀಳುವ ಬಯಲು ಪ್ರದೇಶವಾಗಿದೆ. ಕಲ್ಲು ಮಣ್ಣಿನ ಗೋಡೆಗಳ ಮೇಲೆ ತೊಲೆ, ಜಂತೆಗಳನ್ನು ಹಾಸಿ ಮಣ್ಣು ಹೊದಿಸಿದ ಮಾಳಿಗೆ ಮನೆಗಳು ಈ ಸೀಮೆಯ ಹಳೆಯ ಪದ್ಧತಿ. ಇಂತಹ ಮನೆಯ ಮಾಳಿಗೆಯನ್ನು ತೆಗೆದು ಆರ್.ಸಿ.ಸಿ. ಛಾವಣಿ ಹಾಕಿಸುವಾಗ ವೆಚ್ಚವು ಅಂದಾಜನ್ನು ಮೀರುವುದು ಸಾಮಾನ್ಯ. ಸಿಮೆಂಟಿನ ದರ ಏರಿಕೆಗಿಂತ ಎರಡು ಸಂಗತಿಗಳು ಇದಕ್ಕೆ ಹೆಚ್ಚು ಕಾರಣವಾಗುತ್ತವೆ: ಬರವಣಿಗೆಯಲ್ಲಿ ಇಲ್ಲದ ಕೆಲಸ, ಹಾಗೂ ಕೆಲಸಕ್ಕಿಂತ ಮುಂದೆ ಹೋದ ಹಣ.

ಅನುಮತಿ ಮತ್ತು ಯೋಜನೆಯ ನೆರವು

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟಡ ನಿರ್ಮಾಣವನ್ನು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣವು ನಿಯಂತ್ರಿಸುತ್ತದೆ. ಆದುದರಿಂದ ಮೇಸ್ತ್ರಿಗೆ ಮುಂಗಡ ನೀಡುವ ಮೊದಲೇ ಪಂಚಾಯಿತಿಯ ಅನುಮತಿ ಪಡೆಯುವುದು ಸೂಕ್ತ. ವಸತಿ ಯೋಜನೆಗಳಡಿ ಹೊಸ ಮನೆಗೆ ಅರ್ಜಿ ಸಲ್ಲಿಸಿದವರು ಮಂಜೂರಾತಿ ಹಾಗೂ ಕಾಮಗಾರಿ ಆದೇಶ ಕೈಸೇರುವವರೆಗೆ ಹಳೆಯ ಮನೆಯನ್ನು ಕೆಡವಬಾರದು. "ಬಿಲ್ಲು ಆಮೇಲೆ ಮಾಡಿಸೋಣ" ಎಂಬ ಬಾಯಿಮಾತನ್ನು ನಂಬಿ ಸಾಲ ತಂದು ಕೆಲಸ ಆರಂಭಿಸಿದ ಕುಟುಂಬಕ್ಕೆ ಮನೆಯೂ ಇಲ್ಲ, ನೆರವೂ ಇಲ್ಲ ಎಂಬ ಸ್ಥಿತಿ ಒದಗಬಹುದು.

ದರ ಕೇಳುವ ಮೊದಲು

ಹಳೆಯ ಮನೆಯ ನಿಜಸ್ಥಿತಿ ಮಾಳಿಗೆ ಬಿಚ್ಚಿದ ಮೇಲೆಯೇ ತಿಳಿಯುತ್ತದೆ. ಗೆದ್ದಲು ತಿಂದ ತೊಲೆಯ ತುದಿ, ನೀರು ಇಳಿದು ಸಡಿಲಗೊಂಡ ಗೋಡೆಯ ತಲೆ, ಆಳವಿಲ್ಲದ ಪಾಯ ಇವೆಲ್ಲ ಆಗ ಹೊರಬರುತ್ತವೆ. ಅಷ್ಟರಲ್ಲಿ ಕುಟುಂಬ ಸೂರಿಲ್ಲದೆ ನಿಂತಿರುವುದರಿಂದ ಗುತ್ತಿಗೆದಾರರು ಹೇಳಿದ ದರಕ್ಕೆ ಒಪ್ಪದೆ ಬೇರೆ ದಾರಿ ಇರುವುದಿಲ್ಲ. ಈ ಕಾರಣದಿಂದ ಮಾಲೀಕರು ಮೊದಲೇ ಎರಡು ಮೂರು ಕಡೆ ಗೋಡೆಯ ತಲೆಯನ್ನು ಮತ್ತು ಒಂದು ಕಡೆ ಪಾಯವನ್ನು ತೆರೆದು ಅರ್ಹ ಇಂಜಿನಿಯರರಿಂದ ಪರಿಶೀಲಿಸುವುದು ಉಚಿತ. ಮಣ್ಣಿನ ಗೋಡೆಯ ಮೇಲೆಯೇ ಛಾವಣಿ ಕೂರಿಸಬಹುದೇ, ಅಥವಾ ಕಂಬ ಎಬ್ಬಿಸಬೇಕೇ ಎಂಬ ಒಂದೇ ನಿರ್ಧಾರದಿಂದ ಒಟ್ಟು ವೆಚ್ಚ ಬಹಳವಾಗಿ ಬದಲಾಗುತ್ತದೆ. ಇಂಜಿನಿಯರರ ಶುಲ್ಕ ಉಳಿಸಹೋಗಿ ಇದನ್ನು ಊಹೆಗೆ ಬಿಡುವುದು ದುಬಾರಿಯ ಉಳಿತಾಯ. ಇಷ್ಟರ ಮೇಲೂ ಅಂದಾಜಿನ 15ರಿಂದ 20ರಷ್ಟು ಶೇಕಡಾ ಹಣವನ್ನು ಮೀಸಲಾಗಿ ಇಟ್ಟುಕೊಳ್ಳತಕ್ಕದ್ದು. ಈ ಮೊತ್ತವನ್ನು ಗುತ್ತಿಗೆದಾರರಿಗೆ ತಿಳಿಸುವ ಅಗತ್ಯವಿಲ್ಲ.

ಸಾಮಗ್ರಿಯ ಲೆಕ್ಕ

ಗ್ರಾಮಾಂತರದಲ್ಲಿ ಹೆಚ್ಚಾಗಿ ಮಾಲೀಕರು ಸಾಮಗ್ರಿ ಒದಗಿಸಿ, ಮೇಸ್ತ್ರಿಗೆ ಚದರಕ್ಕೆ ಇಷ್ಟು ಎಂದು ಕೂಲಿ ಗುತ್ತಿಗೆ ನೀಡುತ್ತಾರೆ. ಇದರಲ್ಲಿ ಸಾಮಗ್ರಿ ವ್ಯರ್ಥವಾದರೆ ನಷ್ಟ ಮಾಲೀಕರದೇ ಆಗುವುದರಿಂದ ಪ್ರಮಾಣದ ಅರಿವು ಇರಬೇಕು. ಉದಾಹರಣೆಗೆ, 20 ಅಡಿ ಉದ್ದ, 15 ಅಡಿ ಅಗಲದ ಛಾವಣಿ 300 ಚದರ ಅಡಿ, ಅಂದರೆ 3 ಚದರ. ದಪ್ಪ 5 ಅಂಗುಲವಾದರೆ ಕಾಂಕ್ರೀಟು 125 ಘನ ಅಡಿ, ಸುಮಾರು ಮೂರೂವರೆ ಘನ ಮೀಟರ್. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣಕ್ಕೆ ಘನ ಮೀಟರಿಗೆ 50 ಕಿಲೋ ತೂಕದ ಸುಮಾರು 8 ಚೀಲ ಸಿಮೆಂಟು ಬೇಕಾಗುತ್ತದೆ. ಹೀಗೆ 28 ಅಥವಾ 29 ಚೀಲ. ಪೋಲು ಸೇರಿ 30 ಎಂದಿಟ್ಟುಕೊಳ್ಳಬಹುದು. ಛಾವಣಿಯೊಂದಕ್ಕೇ 45 ಚೀಲ ಕೇಳಿದಲ್ಲಿ ಕಾರಣ ಕೇಳುವುದು ಮಾಲೀಕರ ಹಕ್ಕು. ತೊಲೆ, ಸಜ್ಜಾಗಳ ಲೆಕ್ಕ ಪ್ರತ್ಯೇಕ.

ಕಬ್ಬಿಣದ ಪ್ರಮಾಣವನ್ನು ಇಂಜಿನಿಯರರ ನಕ್ಷೆಯೇ ನಿರ್ಧರಿಸಬೇಕು. ತೂಕ ಪರೀಕ್ಷಿಸಲು 12 ಮೀಟರ್ ಉದ್ದದ ಒಂದು ಸರಳು 8 ಮಿ.ಮೀ. ಆದರೆ ಸುಮಾರು 4.7 ಕಿಲೋ, 10 ಮಿ.ಮೀ. ಆದರೆ 7.4 ಕಿಲೋ, 12 ಮಿ.ಮೀ. ಆದರೆ 10.7 ಕಿಲೋ ತೂಗುತ್ತದೆ ಎಂಬುದನ್ನು ನೆನಪಿಡಬಹುದು. ಮರಳನ್ನು "ಲೋಡು" ಎಂದು ಕೊಳ್ಳದೆ ಟ್ರೇಲರಿನ ಉದ್ದ, ಅಗಲ, ಎತ್ತರ ಅಳೆದು ಕೊಳ್ಳತಕ್ಕದ್ದು. ತೇವವಿರುವ ಮರಳು ಉಬ್ಬಿ ಹೆಚ್ಚಾಗಿ ಕಾಣುತ್ತದೆ.

ಲೆಕ್ಕಕ್ಕೆ ಬಾರದ ಎರಡು ವೆಚ್ಚಗಳು ಈ ಪ್ರದೇಶದಲ್ಲಿ ಮುಖ್ಯ. ಮೊದಲನೆಯದು ಮಾಳಿಗೆಯ ಮಣ್ಣು. ಒಂದು ಅಡಿ ದಪ್ಪದ ಮಣ್ಣಿದ್ದರೆ ಮೇಲಿನ ಅಳತೆಗೆ 300 ಘನ ಅಡಿಯಾಗುತ್ತದೆ. 100 ಘನ ಅಡಿ ಹಿಡಿಯುವ ಟ್ರೇಲರಿನಲ್ಲಿ ಮೂರು ನಾಲ್ಕು ಲೋಡು. ಇಳಿಸಿ ಸಾಗಿಸುವವರು ಯಾರು ಎಂಬುದನ್ನು ಬರೆಯದಿದ್ದರೆ ಮನೆಯ ಮುಂದೆ ಗುಡ್ಡೆ ಬಿದ್ದ ದಿನವೇ ತಕರಾರು ಆರಂಭವಾಗುತ್ತದೆ. ಎರಡನೆಯದು ನೀರು. ಪಿ.ಪಿ.ಸಿ.ಯಂತಹ ಮಿಶ್ರ ಸಿಮೆಂಟು ಬಳಸಿದ ಕಾಂಕ್ರೀಟನ್ನು ಒಣ ಹಾಗೂ ಬಿಸಿ ಹವೆಯಲ್ಲಿ 14 ದಿನ ತೇವವಾಗಿ ಇಡಬೇಕೆಂದು ಭಾರತೀಯ ಮಾನಕ ಐ.ಎಸ್. 456 (2000) ಶಿಫಾರಸು ಮಾಡುತ್ತದೆ. 300 ಚದರ ಅಡಿಯ ಛಾವಣಿಯಲ್ಲಿ ಕಟ್ಟೆ ಕಟ್ಟಿ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು 700 ಲೀಟರ್ ಬೇಕು. ಆರಿದಷ್ಟನ್ನು ದಿನವೂ ತುಂಬಬೇಕು. ಬೇಸಿಗೆಯಲ್ಲಿ ಕೊಳವೆಬಾವಿ ಕೈಕೊಟ್ಟರೆ ಟ್ಯಾಂಕರ್ ನೀರಿನ ಹಣ ಸೇರುತ್ತದೆ, ಇಲ್ಲವೇ ಕ್ಯೂರಿಂಗ್ ಅರ್ಧಕ್ಕೆ ನಿಲ್ಲುತ್ತದೆ. ಸುಗ್ಗಿ ಮುಗಿದು ಬಾವಿಗಳಲ್ಲಿ ನೀರು ಇರುವ ಚಳಿಗಾಲದ ತಿಂಗಳುಗಳೇ ಈ ಕೆಲಸಕ್ಕೆ ಮೇಲು. ಮಳೆಗಾಲದಲ್ಲಿ ಮಾಳಿಗೆ ಬಿಚ್ಚಿದರೆ ಗೋಡೆಯನ್ನೂ ಕಳೆದುಕೊಳ್ಳುವ ಭಯವಿದೆ.

ಕರಾರು ಮತ್ತು ಹಣ ಪಾವತಿ

ಕರಾರು ಪತ್ರ ಒಂದೆರಡು ಪುಟವಿದ್ದರೆ ಸಾಕು. ಪ್ರತಿ ಕೆಲಸದ ಅಳತೆ, ದರ, ಸೆಂಟ್ರಿಂಗ್ ಸಾಮಾನಿನ ಬಾಡಿಗೆ ಯಾರದು, ಮುಗಿಸುವ ದಿನಾಂಕ ಇವು ಇರಬೇಕು. ಹಳೆಯ ತೊಲೆ, ಬಾಗಿಲು, ಕಲ್ಲುಗಳು ಮಾಲೀಕರಿಗೆ ಸೇರಿದವು ಎಂದೂ ಬರೆಸತಕ್ಕದ್ದು. ಹಳೆಯ ಮರಕ್ಕೆ ಒಳ್ಳೆಯ ಬೆಲೆಯಿದೆ. ಹೆಚ್ಚುವರಿ ಕೆಲಸವನ್ನು ದರ ಬರೆದು ಇಬ್ಬರೂ ಸಹಿ ಮಾಡಿದ ನಂತರವಷ್ಟೇ ಆರಂಭಿಸಬೇಕು. ದರ ಹೋಲಿಸಲು ಲೋಕೋಪಯೋಗಿ ಇಲಾಖೆಯ ದರಪಟ್ಟಿ ನೆರವಾಗುತ್ತದೆ.

ಸರ್ಕಾರಿ ವಸತಿ ಯೋಜನೆಗಳಲ್ಲಿ ಹಣವು ಕಾಮಗಾರಿಯ ಹಂತಕ್ಕೆ ಅನುಗುಣವಾಗಿ ಬಿಡುಗಡೆಯಾಗುತ್ತದೆ. ಸ್ವಂತ ಹಣದ ಕೆಲಸಕ್ಕೂ ಇದೇ ಕ್ರಮ ಅನುಸರಿಸಬಹುದು. ಕೂಲಿ ಗುತ್ತಿಗೆ 1,00,000 ರೂಪಾಯಿ ಆಗಿದ್ದರೆ ಮುಂಗಡ 10,000. ಮಾಳಿಗೆ ತೆಗೆದು ಗೋಡೆ ಸರಿಪಡಿಸಿದಾಗ, ಕಬ್ಬಿಣ ಕಟ್ಟಿದಾಗ, ಕಾಂಕ್ರೀಟು ಹಾಕಿದಾಗ, ಗಾರೆ ಮುಗಿದಾಗ ತಲಾ 20,000. ಉಳಿದ 10,000ವನ್ನು ನೀರು ನಿಲ್ಲಿಸಿ ಸೋರುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ನೀಡಬಹುದು. ಹಬ್ಬಕ್ಕೆ, ಆಸ್ಪತ್ರೆಗೆ ಎಂದು ನಡುವೆ ಕೇಳಿದ ಹಣವನ್ನು ಕೊಡುವುದು ಊರಿನ ಸೌಜನ್ಯವೇ ಆದರೂ ಅದನ್ನು ಮುಂದಿನ ಹಂತದ ಲೆಕ್ಕಕ್ಕೆ ಬರೆದು ಸಹಿ ಪಡೆಯತಕ್ಕದ್ದು. ಆಳುಗಳ ವಾರದ ಬಟವಾಡೆ ನಿಲ್ಲದಂತೆ ಮಾಲೀಕರೂ ಹಂತದ ಹಣವನ್ನು ತಡಮಾಡದೆ ನೀಡಬೇಕು.

ವಿವಾದ ಉಂಟಾದಲ್ಲಿ

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಲ್ಲಿ ಗೃಹ ನಿರ್ಮಾಣವೂ ಸೇವೆಯ ವ್ಯಾಖ್ಯೆಯಲ್ಲಿ ಸೇರಿದೆ. ವಿವಾದದ ಕಾರಣ ಉದ್ಭವಿಸಿದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಸಲಹೆಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದೂರಿನೊಂದಿಗೆ ಕರಾರು ಪತ್ರ, ಹಣ ಸಂದಾಯದ ರಸೀದಿಗಳು ಹಾಗೂ ಕೆಲಸದ ಛಾಯಾಚಿತ್ರಗಳನ್ನು ಲಗತ್ತಿಸುವುದು.