ಮದುವೆಯ ದಿನದ ಪದವಿ: ಬ್ರಿಟಿಷ್ ರಾಜಮನೆತನದ ಸಂಪ್ರದಾಯ

ಬ್ರಿಟನ್ನಿನ ರಾಜಕುಮಾರರಿಗೆ ವಿವಾಹದ ಸಂದರ್ಭದಲ್ಲಿ ಡ್ಯೂಕ್ ಅಥವಾ ಅರ್ಲ್ ಪದವಿ ನೀಡುವ ಸಂಪ್ರದಾಯವಿದೆ. ಇದು ಕಾನೂನಿನ ಕಡ್ಡಾಯವಲ್ಲ. ಸಿಂಹಾಸನದಲ್ಲಿರುವವರ ಇಚ್ಛೆಗೆ ಬಿಟ್ಟದ್ದು. ರಾಜಮುದ್ರೆಯ ಸನದಿನ ಮೂಲಕ ಪದವಿ ಅಧಿಕೃತವಾಗುತ್ತದೆ.

ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಐದು ಶ್ರೇಣಿಗಳಲ್ಲಿ ಡ್ಯೂಕ್ ಅತ್ಯುನ್ನತ. 1337ರಲ್ಲಿ ಮೂರನೆಯ ಎಡ್ವರ್ಡ್ ತನ್ನ ಹಿರಿಯ ಮಗನನ್ನು ಕಾರ್ನ್‌ವಾಲ್‌ನ ಡ್ಯೂಕ್ ಆಗಿಸಿದ್ದೇ ಇಂಗ್ಲೆಂಡಿನಲ್ಲಿ ಇದರ ಆರಂಭ.

2011ರ ಏಪ್ರಿಲ್ 29ರಂದು ವಿವಾಹವಾದ ವಿಲಿಯಂ ಕೇಂಬ್ರಿಡ್ಜ್‌ನ ಡ್ಯೂಕ್, ಸ್ಟ್ರಾತರ್ನ್‌ನ ಅರ್ಲ್ ಹಾಗೂ ಕ್ಯಾರಿಕ್‌ಫರ್ಗಸ್‌ನ ಬ್ಯಾರನ್ ಆದರು. ಈ ಮೂರು ಸ್ಥಳಗಳು ಕ್ರಮವಾಗಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗೆ ಸೇರಿವೆ. 2018ರ ಮೇ 19ರಂದು ಹ್ಯಾರಿ ಅವರಿಗೆ ಸಸೆಕ್ಸ್, ಡಂಬಾರ್ಟನ್ ಮತ್ತು ಕಿಲ್‌ಕೀಲ್ ಹೆಸರಿನ ಪದವಿಗಳು ಇದೇ ರೀತಿಯಲ್ಲಿ ದೊರೆತವು. 1999ರಲ್ಲಿ ಎಡ್ವರ್ಡ್ ಮಾತ್ರ ಡ್ಯೂಕ್ ಆಗದೆ ವೆಸೆಕ್ಸ್‌ನ ಅರ್ಲ್ ಆದರು.

ಪತಿಯ ಪದವಿಯಿಂದ ಪತ್ನಿ ಡಚೆಸ್ ಅಥವಾ ಕೌಂಟೆಸ್ ಎನಿಸುತ್ತಾಳೆ. ಆದರೆ ರಾಜಕುಮಾರಿಯನ್ನು ವರಿಸಿದವನಿಗೆ ತಾನಾಗಿ ಏನೂ ಲಭಿಸದು. ರಾಜಕುಮಾರಿ ಮಾರ್ಗರೆಟ್ ಅವರ ಪತಿ ಆಂಟನಿ ಆರ್ಮ್‌ಸ್ಟ್ರಾಂಗ್ ಜೋನ್ಸ್ ವಿವಾಹದ ಮರುವರ್ಷ, 1961ರಲ್ಲಿ, ಸ್ನೋಡನ್‌ನ ಅರ್ಲ್ ಆದರು. 1973ರಲ್ಲಿ ರಾಜಕುಮಾರಿ ಆ್ಯನ್ ಅವರನ್ನು ವರಿಸಿದ ಮಾರ್ಕ್ ಫಿಲಿಪ್ಸ್‌ಗೆ ಪದವಿ ಬರಲಿಲ್ಲ. ಆ ದಂಪತಿಯ ಮಕ್ಕಳೂ ಪದವಿಯಿಲ್ಲದೆಯೇ ಬೆಳೆದರು.

ಇಂಥ ಪದವಿಗಳು ಸಾಮಾನ್ಯವಾಗಿ ಗಂಡುಸಂತತಿಗೆ ಮಾತ್ರ ಸಲ್ಲುತ್ತವೆ. ಪದವೀಧರನೇ ದೊರೆಯಾದರೆ ಪದವಿ ಕಿರೀಟದಲ್ಲಿ ಲೀನವಾಗುತ್ತದೆ. 1947ರ ವಿವಾಹದ ವೇಳೆ ಫಿಲಿಪ್ ಪಡೆದ ಎಡಿನ್‌ಬರೋ ಡ್ಯೂಕ್ ಪದವಿ 2021ರಲ್ಲಿ ಪುತ್ರ ಚಾರ್ಲ್ಸ್‌ಗೆ ಬಂದು, 2022ರಲ್ಲಿ ಅವರು ದೊರೆಯಾದಾಗ ಹೀಗೆಯೇ ಲೀನವಾಯಿತು. 2023ರಲ್ಲಿ ಅದನ್ನು ಎಡ್ವರ್ಡ್ ಅವರಿಗೆ ಹೊಸದಾಗಿ ನೀಡಲಾಯಿತು. ಆದರೆ ಜೀವಿತಾವಧಿಗೆ ಮಾತ್ರ. ಅವರ ಮಗನಿಗೆ ಅದು ಸಲ್ಲದು.

ಕೊಡುವುದು ದೊರೆಗೆ ಸುಲಭ, ಹಿಂಪಡೆಯುವುದು ಕಷ್ಟ. ಮೊದಲನೆಯ ಮಹಾಯುದ್ಧದಲ್ಲಿ ಶತ್ರುಪಕ್ಷ ಸೇರಿದವರ ಪದವಿ ಕಸಿಯಲು ಸಂಸತ್ತು 1917ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ರಚಿಸಬೇಕಾಯಿತು. ಅದರಂತೆ 1919ರಲ್ಲಿ ಆಲ್ಬನಿ ಹಾಗೂ ಕಂಬರ್‌ಲ್ಯಾಂಡ್‌ನ ಡ್ಯೂಕ್‌ಗಳು ಪದವಿ ಕಳೆದುಕೊಂಡರು. 1986ರಲ್ಲಿ ಮದುವೆಯ ದಿನವೇ ಯಾರ್ಕ್‌ನ ಡ್ಯೂಕ್ ಆಗಿದ್ದ ಆಂಡ್ರ್ಯೂ ಅವರ ಹೆಸರನ್ನು 2025ರ ಅಕ್ಟೋಬರ್‌ನಲ್ಲಿ ಪದವೀಧರರ ಅಧಿಕೃತ ಪಟ್ಟಿಯಿಂದ ತೆಗೆಯಲಾಯಿತು. ಇದರಿಂದ ಪದವಿಯ ಬಳಕೆ ನಿಂತಿತು. ಪದವಿಯನ್ನೇ ಸಂಪೂರ್ಣವಾಗಿ ರದ್ದುಪಡಿಸಬೇಕಾದರೆ ಇಂದಿಗೂ ಸಂಸತ್ತಿನ ಕಾಯ್ದೆಯೇ ಬೇಕು.