ಹದಿನಾರರ ಹುಡುಗನನ್ನು ಯಾವ ಕೋರ್ಟಿಗೆ ಕಳಿಸ್ತೀರಿ?

ಮಾರೇನಹಳ್ಳಿಯವರಿಗೆ 2015 ಅಂದ್ರೆ ಮೆಟ್ರೋ ಬಂದ ವರ್ಷ. ನವೆಂಬರ್‌ನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆವರೆಗೆ ರೈಲು ಓಡಿತು, ವಿಜಯನಗರ ಸ್ಟೇಷನ್ ತೆರೆಯಿತು. ಅದಾಗಿ ಒಂದು ತಿಂಗಳಿಗೆ, ಡಿಸೆಂಬರ್ 22ರಂದು, ದೆಹಲಿಯಲ್ಲಿ ರಾಜ್ಯಸಭೆ ಬಾಲನ್ಯಾಯ ಮಸೂದೆ ಪಾಸ್ ಮಾಡಿತು. ಅದಕ್ಕೂ ಮಾರೇನಹಳ್ಳಿಗೂ ಏನ್ರೀ ಸಂಬಂಧ ಅಂತೀರಾ? ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ನಾಗರಬಾವಿಯಲ್ಲಿ, ನ್ಯಾಷನಲ್ ಲಾ ಸ್ಕೂಲಿನ ಮಕ್ಕಳ ಕಾನೂನು ಕೇಂದ್ರದಲ್ಲಿ, ಆ ಮಸೂದೆಯನ್ನು ಕಲಂ ಕಲಂ ಬಿಡಿಸಿ ‘ಇದು ಬೇಡ’ ಅಂತ ಬರೆಯುತ್ತಲೇ ಇದ್ದವರಿದ್ದರು. ಅವರ ವಾದ ಸೋತಿತು. ಸೋತ ವಾದದಲ್ಲಿ ಏನಿತ್ತು ಅನ್ನೋದನ್ನ ಇವತ್ತು ನೋಡೋಣ.

ಸ್ವಲ್ಪ ಹಿಂದಕ್ಕೆ ಹೋಗಬೇಕು. 1860ರ ದಂಡ ಸಂಹಿತೆ ಏಳು ವರ್ಷದೊಳಗಿನ ಮಗುವನ್ನು ಪೂರ್ತಿ ಬಿಟ್ಟಿತು. ಏಳರಿಂದ ಹನ್ನೆರಡರವರೆಗೆ ಬುದ್ಧಿ ಬಲಿತಿದೆಯಾ ಅಂತ ನೋಡಿ ಅಂದಿತು. ಹನ್ನೆರಡು ದಾಟಿದ್ರೆ ಮುಗೀತು, ದೊಡ್ಡವರ ಲೆಕ್ಕ. 1897ರ ಸುಧಾರಣಾ ಶಾಲೆಗಳ ಕಾಯ್ದೆ ಬಂದಮೇಲೆ, ಹದಿನೈದರೊಳಗಿನ ಹುಡುಗನನ್ನು ಜೈಲಿನ ಬದಲು ಮೂರರಿಂದ ಏಳು ವರ್ಷ ಶಾಲೆಗೆ ಕಳಿಸಬಹುದಾಯಿತು. ಎರಡೇ ವರ್ಷಕ್ಕೆ, 1899ರಲ್ಲಿ, ಅಮೆರಿಕದ ಷಿಕಾಗೋದಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಕೋರ್ಟ್ ಶುರುವಾಯಿತು. ನಮ್ಮ ಪಕ್ಕದ ಮದ್ರಾಸಿನಲ್ಲಿ 1920ಕ್ಕೆ ಮಕ್ಕಳ ಕಾಯ್ದೆ ಬಂತು. ನಮ್ಮ ರಾಜ್ಯದ ಮಕ್ಕಳ ಕಾಯ್ದೆ 1964ರದ್ದು, ಆಗಿನ್ನೂ ನಾವು ಮೈಸೂರು ರಾಜ್ಯ.

ಸಮಸ್ಯೆ ಏನು ಗೊತ್ತಾ? ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಪತ್ರಕರ್ತೆ ಶೀಲಾ ಬರ್ಸೆ ಜೈಲುಗಳಲ್ಲಿ ಕೊಳೆಯುತ್ತಿದ್ದ ಮಕ್ಕಳ ವಿಚಾರ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಮಕ್ಕಳನ್ನು ಜೈಲಿನಲ್ಲಿಡಬಾರದು, ದೇಶಕ್ಕೆಲ್ಲ ಒಂದೇ ಕಾನೂನು ಬರಲಿ ಅಂತ ಕೋರ್ಟ್ 1986ರಲ್ಲಿ ಹೇಳಿತು. ಅದೇ ವರ್ಷ ಕಾನೂನೂ ಬಂತು. ಆದ್ರೆ ಹುಡುಗರಿಗೆ 16, ಹುಡುಗಿಯರಿಗೆ 18 ಅಂತ ಎರಡು ಗೆರೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಒಪ್ಪಿದ ಮೇಲೆ, 2000ದ ಕಾಯ್ದೆಯಲ್ಲಿ ಇಬ್ಬರಿಗೂ 18 ಆಯಿತು. ಒಂದು ಗೆರೆ ಎಳೆಯೋಕೆ 140 ವರ್ಷ. ಅಳಿಸೋಕೆ ಹೊರಟಿದ್ದು ಮಾತ್ರ ಮೂರೇ ವರ್ಷದಲ್ಲಿ.

2012ರ ಡಿಸೆಂಬರ್ 16, ದೆಹಲಿಯ ಆ ಬಸ್ಸು. ಆರು ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟಕ್ಕೆ ಕೆಲವು ತಿಂಗಳು ಕಮ್ಮಿ. ಅವನಿಗೆ ಸಿಕ್ಕಿದ್ದು ಸುಧಾರಣಾ ಗೃಹದಲ್ಲಿ ಮೂರು ವರ್ಷ. ಮಗಳನ್ನು ಕಳೆದುಕೊಂಡ ತಂದೆ ತಾಯಿಯ ಸಿಟ್ಟನ್ನು ತಪ್ಪು ಅನ್ನೋ ಹಕ್ಕು ಯಾರಿಗೂ ಇಲ್ಲ. ಅವನು ಬಿಡುಗಡೆಯಾಗಿದ್ದು 2015ರ ಡಿಸೆಂಬರ್ 20ಕ್ಕೆ, ಮಸೂದೆ ಪಾಸಾಗಿದ್ದು ಎರಡು ದಿನಕ್ಕೆ. ಆದ್ರೆ ಕ್ರಿಮಿನಲ್ ಶಿಕ್ಷೆಯನ್ನು ಹಿಂದಿನ ದಿನಾಂಕಕ್ಕೆ ಹೇರೋಕೆ ಸಂವಿಧಾನದ 20ನೇ ವಿಧಿ ಬಿಡಲ್ಲ. ಅಂದ್ರೆ ಯಾವ ಹುಡುಗನ ಮೇಲಿನ ಸಿಟ್ಟಿಗೆ ಕಾನೂನು ಬಂತೋ, ಆ ಹುಡುಗನಿಗೆ ಅದು ತಾಗಲೇ ಇಲ್ಲ. ತಾಗಿದ್ದು ಆಮೇಲೆ ಬಂದ ಬೇರೆ ಹುಡುಗರಿಗೆ.

ಬೇಡ ಅಂದವರು ನಾಗರಬಾವಿಯವರು ಮಾತ್ರ ಅಲ್ಲ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲೇ ವಯಸ್ಸು ಇಳಿಸಬೇಡಿ ಅಂದಿತ್ತು. ಸಂಸತ್ತಿನದೇ ಸ್ಥಾಯಿ ಸಮಿತಿ 2015ರ ಫೆಬ್ರವರಿಯಲ್ಲಿ ಮಸೂದೆಯ ಈ ಭಾಗವನ್ನು ವಿರೋಧಿಸಿತ್ತು. ಆಗಿನ ಸರ್ಕಾರಿ ಅಂಕಿಅಂಶದಲ್ಲಿ ಒಟ್ಟು ಅಪರಾಧದಲ್ಲಿ ಅಪ್ರಾಪ್ತರ ಪಾಲು ಶೇ. 1.2ರಷ್ಟು. ಟಿವಿ ಚರ್ಚೆಗಳಲ್ಲಿ ಈ ಸಂಖ್ಯೆಗೆ ಜಾಗವೇ ಸಿಗಲಿಲ್ಲ ಅನ್ನಿ.

ಹೊಸ ಕಾಯ್ದೆಯ 15ನೇ ಕಲಂ ಹೇಳೋದು ಹೀಗೆ. ಹದಿನಾರರಿಂದ ಹದಿನೆಂಟರ ಹುಡುಗ ಹೀನ ಅಪರಾಧದ ಆರೋಪದಲ್ಲಿ ಬಂದರೆ, ಅದನ್ನು ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತಾ, ಪರಿಣಾಮ ಗೊತ್ತಿತ್ತಾ, ಸಂದರ್ಭ ಏನಿತ್ತು ಅಂತ ಬಾಲನ್ಯಾಯ ಮಂಡಳಿ ನೋಡಬೇಕು. ನೋಡಿ ‘ದೊಡ್ಡವನಂತೆ ವಿಚಾರಣೆಯಾಗಲಿ’ ಅಂದ್ರೆ ಕೇಸು ಮಕ್ಕಳ ನ್ಯಾಯಾಲಯಕ್ಕೆ. ಅದು ಹೆಸರಿಗೆ ಮಕ್ಕಳದ್ದು, ಕೂತಿರೋದು ಸೆಷನ್ಸ್ ನ್ಯಾಯಾಧೀಶರು.

ಎಂಜಿನಿಯರಿಂಗ್ ಓದಿದವನಿಗೆ ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ: ಅಳೆಯೋ ಮೀಟರ್ ಯಾವುದು? ಘಟನೆ ನಡೆದ ಗಳಿಗೆಯಲ್ಲಿ ಹುಡುಗನ ತಲೆಯಲ್ಲಿ ಏನಿತ್ತು ಅಂತ ವಾರಗಳ ಮೇಲೆ ಕೂತು ಅಳೆಯಬೇಕು. ಅದೂ ಅಪರಾಧ ಮಾಡಿದ್ದಾನೋ ಇಲ್ಲವೋ ಇನ್ನೂ ಸಾಬೀತಾಗುವ ಮೊದಲೇ! ನಮ್ಮ ನಿಮ್ಹಾನ್ಸ್‌ನ ಡಾ. ಶೇಖರ್ ಶೇಷಾದ್ರಿ ತಂಡ ಈ ಮೌಲ್ಯಮಾಪನಕ್ಕೆ ಒಂದು ನಮೂನೆ ತಯಾರಿಸಿತು. ಅದರಲ್ಲಿ ಮನೆ, ಶಾಲೆ ಬಿಟ್ಟಿದ್ದು, ನಶೆ, ಸಹವಾಸ, ಹಿಂದೆ ಅವನ ಮೇಲೇ ಆದ ಹಿಂಸೆ, ಎಲ್ಲಕ್ಕೂ ಜಾಗವಿದೆ. ಕಲ್ಲು ಎತ್ತೋ ಶಕ್ತಿ ಇದೆಯಾ ಅನ್ನೋದಷ್ಟೇ ಪ್ರಶ್ನೆಯಾದ್ರೆ ಯಾವ ಹದಿನಾರರ ಹುಡುಗನೂ ಫೇಲ್ ಆಗಲ್ಲ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ, ಮಂಡಳಿಯಲ್ಲಿ ತಜ್ಞರಿಲ್ಲದಿದ್ದರೆ ಮನಃಶಾಸ್ತ್ರಜ್ಞರ ನೆರವು ಪಡೆಯಲೇಬೇಕು ಅಂದಿತು.

‘ಹೀನ’ ಅಂದ್ರೆ ಕೊಲೆ, ಅತ್ಯಾಚಾರ ಮಾತ್ರ ಅಂದ್ಕೋಬೇಡಿ. ಕನಿಷ್ಠ ಶಿಕ್ಷೆ ಏಳು ವರ್ಷ ಇದ್ದರೆ ಸಾಕು, ಹೀನ. ಹದಿನೇಳರ ಹುಡುಗ, ಹದಿನಾರರ ಹುಡುಗಿ ಪ್ರೀತಿಸಿ ಓಡಿಹೋದ್ರೆ, ದೈಹಿಕ ಸಂಬಂಧವಿದ್ದರೆ, ಹುಡುಗಿ ಮನೆಯವರು ದೂರು ಕೊಟ್ಟರೆ, ಪೋಕ್ಸೋ ಕಲಂ ಅವನನ್ನು ಇದೇ ಸಾಲಿಗೆ ತಂದು ನಿಲ್ಲಿಸುತ್ತೆ. ಕರ್ನಾಟಕದ ಪೋಕ್ಸೋ ಕೋರ್ಟುಗಳ ಬಗ್ಗೆ ಅದೇ ನಾಗರಬಾವಿಯ ಕೇಂದ್ರ 2017ರಲ್ಲಿ ಮಾಡಿದ ಅಧ್ಯಯನದಲ್ಲಿ ಇಂಥ ಪ್ರೇಮ ಪ್ರಕರಣಗಳ ಚರ್ಚೆ ಇದೆ. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಸಮ್ಮತಿಯ ವಯಸ್ಸಿನ ಬಗ್ಗೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ ಮರುವರ್ಷ, ವಯಸ್ಸು ಇಳಿಸೋದು ಬೇಡ, ಶಿಕ್ಷೆಯಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಕೊಡೋಣ ಅಂದಿತು.

ಈ ಪ್ರಯೋಗವನ್ನು ಅಮೆರಿಕ ನಮಗಿಂತ ಮೊದಲೇ ಮಾಡಿ ನೋಡಿತ್ತು. 1990ರ ದಶಕದಲ್ಲಿ ‘ಸೂಪರ್ ಪ್ರಿಡೇಟರ್’ ಅನ್ನೋ ಗುಮ್ಮ ಹುಟ್ಟಿಸಿ ಹುಡುಗರನ್ನು ದೊಡ್ಡವರ ಕೋರ್ಟಿಗೆ ತಳ್ಳಿದರು. ನ್ಯೂಯಾರ್ಕಿನ ಕಲೀಫ್ ಬ್ರೌಡರ್‌ಗೆ 2010ರಲ್ಲಿ 16 ವರ್ಷ, ಆರೋಪ ಒಂದು ಬ್ಯಾಗ್ ಕದ್ದದ್ದು. ರೈಕರ್ಸ್ ಜೈಲಿನಲ್ಲಿ ಮೂರು ವರ್ಷ, ಹೆಚ್ಚಿನ ಕಾಲ ಒಂಟಿ ಕೋಣೆ. ವಿಚಾರಣೆ ನಡೆಯಲೇ ಇಲ್ಲ, ಕೇಸು ಬಿದ್ದುಹೋಯಿತು. 2015ರ ಜೂನ್‌ನಲ್ಲಿ ಅವನು ತನ್ನ ಜೀವ ತೆಗೆದುಕೊಂಡ. 2017ರಲ್ಲಿ ನ್ಯೂಯಾರ್ಕ್ ವಯಸ್ಸಿನ ಗೆರೆಯನ್ನು 18ಕ್ಕೆ ಏರಿಸಿತು. ಅವರು ವಾಪಸ್ ಬರ್ತಿದ್ದ ದಾರಿಯಲ್ಲೇ ನಾವು ಎದುರಿಗೆ ಹೊರಟಿದ್ದೆವು.

ಕಾನೂನು ಈಗ ಇರೋದು ಹೀಗೇ. ಆದ್ರೆ ಅದರಲ್ಲೇ ಇರೋ ಒಂದೆರಡು ಬಾಗಿಲು ಪೋಷಕರಿಗೆ ಗೊತ್ತಿರಲಿ. ವಯಸ್ಸು ತೋರಿಸೋಕೆ ಮೊದಲು ಶಾಲೆಯ ಜನ್ಮ ದಿನಾಂಕದ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪತ್ರ, ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆ. ‘ಅವತ್ತು ನನ್ನ ಮಗನಿಗೆ ಹದಿನೆಂಟು ಆಗಿರಲಿಲ್ಲ’ ಅನ್ನೋ ಮಾತನ್ನು ಯಾವ ಕೋರ್ಟಿನಲ್ಲಾದರೂ, ಯಾವ ಹಂತದಲ್ಲಾದರೂ ಎತ್ತಬಹುದು. ಅಂತಿಮ ತೀರ್ಪು ಬಂದು ಕೇಸು ಮುಗಿದ ಮೇಲೂ.